ಟ್ರೋಫಿ ಬೇಟೆಯ ವಿರೋಧ: ಭಾರತದ ಅನುಭವದ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧. ಬೇಟೆಯ ಬಗೆಗಳು

ಬೇಟೆ ಎಂಬ ಒಂದೇ ಮಾತು ಕನ್ನಡದಲ್ಲಿ ಹಲವು ಬಗೆಯ ಕೃತ್ಯಗಳನ್ನು ಒಳಗೊಳ್ಳುತ್ತದೆ. ಹೊಟ್ಟೆಪಾಡಿಗಾಗಿ ಮೊಲವನ್ನೋ ಕಡವೆಯನ್ನೋ ಕೊಲ್ಲುವುದು ಬೇಟೆ. ಪೈರನ್ನು ಹಾಳುಮಾಡುವ ಹಂದಿಯನ್ನು ಅಟ್ಟಿ ಹೊಡೆಯುವುದು ಬೇಟೆ. ಊರಿನ ದನಗಾಹಿಗಳನ್ನು ಹಿಡಿಯತೊಡಗಿದ ನರಭಕ್ಷಕ ಹುಲಿಯನ್ನು ಮುಗಿಸುವುದೂ ಬೇಟೆ. ಅರಮನೆಯ ಅತಿಥಿಗಾಗಿ ಕಾಡು ಸೋವಿ, ಹುಲಿಯನ್ನು ಅಟ್ಟಣೆಯ ಮುಂದಕ್ಕೆ ಎಬ್ಬಿಸಿ ತಂದು, ಅವನ ಕೋವಿಗೆ ಗುರಿಯಾಗಿಸುವುದೂ ಬೇಟೆಯೇ. ಈ ಕೊನೆಯ ಬಗೆಯನ್ನು ಉಳಿದವುಗಳಿಂದ ಬೇರ್ಪಡಿಸಿ ನೋಡದ ಹೊರತು ಟ್ರೋಫಿ ಬೇಟೆಯ ಕುರಿತ ಚರ್ಚೆ ಸ್ಪಷ್ಟವಾಗುವುದಿಲ್ಲ. ಪ್ರಾಣಿಯ ತಲೆ, ಕೊಂಬು, ದಂತ, ಚರ್ಮ ಮುಂತಾದ ಅಂಗಗಳನ್ನು ಬೇಟೆಗಾರನ ಸಾಧನೆಯ ಕುರುಹಾಗಿ ಉಳಿಸಿಕೊಳ್ಳುವುದೇ ಮುಖ್ಯ ಉದ್ದೇಶವಾಗಿದ್ದಾಗ ಅದು ಟ್ರೋಫಿ ಬೇಟೆಯೆನಿಸುತ್ತದೆ. ಇಲ್ಲಿ ಮಾಂಸ ಗೌಣ, ರಕ್ಷಣೆ ಅಪ್ರಸ್ತುತ. ಗೋಡೆಯ ಮೇಲೆ ಉಳಿಯುವ ವಸ್ತುವೇ ಪ್ರಧಾನ.

ಕನ್ನಡ ನಾಡಿನ ಪರಂಪರೆಯು ಬೇಟೆಯ ಸಾವನ್ನು ಬೇರೆ ರೀತಿಗಳಲ್ಲಿಯೂ ನೆನಪಿಟ್ಟಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನವು ಗಂಗ ಬೂತುಗನ ಸಾಮಂತ ಮಣಲೇರನ 'ಕಾಳಿ' ಎಂಬ ಬೇಟೆನಾಯಿಗೆ ಸಂಬಂಧಿಸಿದುದು. ಕಾಡುಹಂದಿಯೊಡನೆ ಹೋರಾಡಿ, ಅದನ್ನೂ ಕೊಂದು ತಾನೂ ಸತ್ತ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ಕೊಡಗಿನಲ್ಲಿ ಹುಲಿಯನ್ನು ಕೊಂದವನಿಗೆ 'ನರಿಮಂಗಲ' ಎಂಬ ಮದುವೆಯ ವಿಧಿ ನಡೆಯುತ್ತಿತ್ತು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಕುವೆಂಪು ಅವರ ಕಾದಂಬರಿಗಳಲ್ಲಿ ಬರುವ ಮಲೆನಾಡಿನ ಬೇಟೆ ಊರಿನವರು ಕೂಡಿ ನಡೆಸುವ ಕಾರ್ಯ. ಇವುಗಳಲ್ಲಿ ಹಿಂಸೆ ಇರಲಿಲ್ಲವೆಂದಾಗಲಿ, ಅವೆಲ್ಲ ಇಂದು ಸಮರ್ಥನೀಯವೆಂದಾಗಲಿ ಇದರ ಅರ್ಥವಲ್ಲ. ಅಲ್ಲಿ ಸಾವಿಗೆ ಎದುರಾಳಿಯ, ಅಪಾಯದ ಅಥವಾ ಅನ್ನದ ಸಂಬಂಧವಿತ್ತು. ಟ್ರೋಫಿ ಬೇಟೆಯಲ್ಲಿ ಆ ಸಂಬಂಧ ಕಡಿದುಹೋಗಿ ಅಳತೆ ಮಾತ್ರ ಉಳಿಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಈ ಅಳತೆಯ ಬೇಟೆಗೆ ವಿರೋಧ ಹೇಗೆ, ಯಾವ ಆಧಾರಗಳ ಮೇಲೆ ಬೆಳೆಯಿತು ಎಂಬುದನ್ನು ಭಾರತದ ಅನುಭವದಿಂದ ವಿವರಿಸುವುದು, ಇಂದು ಅದರ ಪರವಾಗಿ ಮಂಡಿತವಾಗುತ್ತಿರುವ ಆರ್ಥಿಕ ವಾದವನ್ನು ಆ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಅಳತೆ ಮತ್ತು ಅದರ ಉದ್ಯಮ

ರಾಜರ ಬೇಟೆ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಬೇಟೆಯನ್ನು ಅರಸರ ವಿನೋದಗಳ ಸಾಲಿನಲ್ಲಿಟ್ಟು ವಿವರಿಸಿದ್ದಾನೆ. ಅದನ್ನು ಕೈಬಿಟ್ಟ ಪರಂಪರೆಯೂ ಹಳೆಯದೇ. ಅಶೋಕನ ಎಂಟನೆಯ ಶಿಲಾಶಾಸನವು ಹಿಂದಿನ ಅರಸರ ಬೇಟೆಯ ವಿಹಾರಯಾತ್ರೆಗಳ ಬದಲು ತಾನು ಧರ್ಮಯಾತ್ರೆಯನ್ನು ಕೈಗೊಂಡುದನ್ನು ತಿಳಿಸುತ್ತದೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಬದಲಾವಣೆ ಬೇರೆ ಸ್ವರೂಪದ್ದು. ದೂರಕ್ಕೆ ಗುರಿ ಹಿಡಿಯಬಲ್ಲ ರೈಫಲ್, ಕಾಡಿನ ಅಂಚಿಗೆ ಬಂದ ರೈಲು, ಅಪಾಯಕಾರಿ ಪ್ರಾಣಿಗಳಿಗೆ ಸರ್ಕಾರ ಗೊತ್ತುಪಡಿಸಿದ ಬಹುಮಾನದ ಹಣ, ಇವು ಮೂರೂ ಒಟ್ಟಾದಾಗ ಕೊಲ್ಲುವಿಕೆಯ ಪ್ರಮಾಣವೇ ಮಾರ್ಪಟ್ಟಿತು. ೧೮೭೫ರಿಂದ ೧೯೨೫ರವರೆಗಿನ ಐವತ್ತು ವರ್ಷಗಳಲ್ಲಿ ಭಾರತದಲ್ಲಿ ೮೦,೦೦೦ಕ್ಕೂ ಹೆಚ್ಚು ಹುಲಿಗಳು, ೧,೫೦,೦೦೦ಕ್ಕೂ ಹೆಚ್ಚು ಚಿರತೆಗಳು, ೨,೦೦,೦೦೦ದಷ್ಟು ತೋಳಗಳು ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜು ಮಾಡಿದ್ದಾರೆ. ಇವೆಲ್ಲವೂ ಟ್ರೋಫಿಗಾಗಿ ನಡೆದ ಹತ್ಯೆಗಳಲ್ಲ. ಬಹುಮಾನಕ್ಕಾಗಿ ನಡೆದವು ಇವುಗಳಲ್ಲಿ ಬಹಳ. ಆದರೆ ಪಿಡುಗಿನ ನಿವಾರಣೆ ಎಂಬ ನೆಪವೂ ಕ್ರೀಡೆ ಎಂಬ ಹೆಮ್ಮೆಯೂ ಒಂದನ್ನೊಂದು ಪೋಷಿಸಿದವು.

ಕ್ರೀಡೆಗೆ ಅಂಕಗಳ ಪುಸ್ತಕವೂ ಸಿದ್ಧವಾಯಿತು. ಲಂಡನ್ನಿನ ರೋಲಂಡ್ ವಾರ್ಡ್ ೧೮೯೨ರಲ್ಲಿ ದೊಡ್ಡ ಬೇಟೆಪ್ರಾಣಿಗಳ ಅಳತೆಗಳ ದಾಖಲೆಗ್ರಂಥವನ್ನು ಪ್ರಕಟಿಸಿದನು. ಕೊಂಬಿನ ಉದ್ದ, ಸುತ್ತಳತೆ, ಹುಲಿಯ ಮೂತಿಯಿಂದ ಬಾಲದ ತುದಿಯವರೆಗಿನ ನೀಳ ಇವು ಬೇಟೆಗಾರನ ಸ್ಥಾನವನ್ನು ನಿರ್ಧರಿಸತೊಡಗಿದವು. ಸತ್ತ ಹುಲಿಯನ್ನು ಎರಡು ಗೂಟಗಳ ನಡುವೆ ನೇರವಾಗಿ ಅಳೆಯಬೇಕೆ, ಮೈಯ ಉಬ್ಬುತಗ್ಗುಗಳ ಮೇಲೆ ಪಟ್ಟಿ ಹಾಯಿಸಿ ಅಳೆಯಬೇಕೆ ಎಂಬುದು ಬೇಟೆಗಾರರ ನಡುವೆ ಬಹುಕಾಲದ ವಿವಾದವಾಗಿತ್ತು. ಎರಡನೆಯ ಕ್ರಮದಲ್ಲಿ ಅದೇ ಹುಲಿ ಕೆಲವು ಅಂಗುಲ ಬೆಳೆಯುತ್ತಿತ್ತು.

ಈ ಉದ್ಯಮದ ಒಂದು ಪ್ರಮುಖ ಕೇಂದ್ರ ಮೈಸೂರು. ೧೯೦೦ರ ಸುಮಾರಿಗೆ ಆರಂಭವಾಗಿ ೧೯೯೯ರಲ್ಲಿ ಮುಚ್ಚಿದ ವ್ಯಾನ್ ಇಂಗೆನ್ ಕುಟುಂಬದ ಟ್ಯಾಕ್ಸಿಡರ್ಮಿ ಕಾರ್ಖಾನೆಗೆ ನಾನಾ ಸಂಸ್ಥಾನಗಳಿಂದ, ಬ್ರಿಟಿಷ್ ಅಧಿಕಾರಿಗಳಿಂದ, ವಿದೇಶೀ ಬೇಟೆಗಾರರಿಂದ ಚರ್ಮಗಳು ಬರುತ್ತಿದ್ದವು. ಅಲ್ಲಿ ಚರ್ಮವನ್ನು ಹದಮಾಡಿ, ಅಚ್ಚಿನಲ್ಲಿ ತೆಗೆದ ಕಾಗದದ ತಿರುಳಿನ ಆಕೃತಿಯ ಮೇಲೆ ಕೂರಿಸಿ, ಜೀವಂತವೆನ್ನಿಸುವ ರೂಪವನ್ನು ಕೊಡಲಾಗುತ್ತಿತ್ತು. ಆ ಸಂಸ್ಥೆಯ ಕೈಯಲ್ಲಿ ಹಾದುಹೋದ ಹುಲಿ ಮತ್ತು ಚಿರತೆಗಳ ಸಂಖ್ಯೆ ೪೩,೦೦೦ಕ್ಕೂ ಹೆಚ್ಚೆಂದು ಅಂದಾಜು. ಕುಶಲಕರ್ಮದ ದೃಷ್ಟಿಯಿಂದ ಅದು ಜಗತ್ತಿನಲ್ಲಿ ಹೆಸರಾದ ಕೆಲಸ. ಜೀವಪರಿಸರದ ದೃಷ್ಟಿಯಿಂದ ನೋಡಿದರೆ, ಒಂದು ಶತಮಾನದಲ್ಲಿ ಕಾಡಿನಿಂದ ಗೋಡೆಗೆ ಸಾಗಿದ ಪ್ರಾಣಿಗಳ ಲೆಕ್ಕಕ್ಕೆ ಅದೊಂದು ಸಾಕ್ಷಿ.

೩. ಕಾಯ್ದಿಟ್ಟ ಕಾಡು, ಕಾಯದ ಪ್ರಾಣಿ

ಟ್ರೋಫಿ ಬೇಟೆಯು ಕಾಡನ್ನು ಉಳಿಸಿತು ಎಂಬ ವಾದವೊಂದಿದೆ. ಅದು ಪೂರ್ತಿ ಸುಳ್ಳಲ್ಲ. ಸಂಸ್ಥಾನಗಳು ಶಿಕಾರಿಗೆಂದು ಮೀಸಲಿಟ್ಟ ಅರಣ್ಯಗಳಲ್ಲಿ ಹಲವು ಮುಂದೆ ಅಭಯಾರಣ್ಯಗಳಾದವು. ಇಂದಿನ ಬಂಡೀಪುರದ ಸುತ್ತಣ ಕಾಡು ಮೈಸೂರು ಅರಸರ ಬೇಟೆಯ ನೆಲವಾಗಿತ್ತು. ೧೯೪೧ರಲ್ಲಿ ಅಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ರೂಪುಗೊಂಡಿತು. ೧೯೭೩ರಲ್ಲಿ ಬಂಡೀಪುರವು ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಜುನಾಗಢದ ನವಾಬರ ರಕ್ಷಣೆಯಿಲ್ಲದೆ ಗಿರ್ ಸಿಂಹಗಳು ಉಳಿಯುತ್ತಿರಲಿಲ್ಲವೆಂಬುದೂ ನಿಜ.

ಆದರೆ ಕಾಡನ್ನು ಕಾಯುವುದೂ ಪ್ರಾಣಿಯನ್ನು ಕಾಯುವುದೂ ಒಂದೇ ಅಲ್ಲ. ಕೊರಿಯಾ ಸಂಸ್ಥಾನದ (ಇಂದಿನ ಛತ್ತೀಸಗಢ) ಅರಸ ರಾಮಾನುಜ ಪ್ರತಾಪ ಸಿಂಗ್ ದೇವ್ ೧೯೪೭ರಲ್ಲಿ ಮೂರು ಗಂಡು ಚೀತಾಗಳನ್ನು ಒಂದೇ ಇರುಳು ಗುಂಡಿಟ್ಟು ಕೊಂದರು. ಭಾರತದ ಕಾಡಿನ ಚೀತಾಗಳ ಕೊನೆಯ ಖಚಿತ ದಾಖಲೆಯೆಂದು ಸಾಮಾನ್ಯವಾಗಿ ಒಪ್ಪಿರುವುದು ಇದನ್ನೇ. ೧೯೫೨ರಲ್ಲಿ ಆ ಪ್ರಾಣಿ ದೇಶದಲ್ಲಿ ನಿರ್ವಂಶವಾಯಿತೆಂದು ಘೋಷಿಸಲಾಯಿತು. ಪಕ್ಕದ ಸರ್ಗುಜಾದ ಮಹಾರಾಜರು ತಮ್ಮ ಜೀವಿತದಲ್ಲಿ ಸಾವಿರಕ್ಕೂ ಮಿಕ್ಕಿ ಹುಲಿಗಳನ್ನು ಕೊಂದುದಾಗಿ ಹೇಳಿಕೊಂಡಿದ್ದರು. ಐದನೆಯ ಜಾರ್ಜ್ ದೊರೆ ೧೯೧೧ರ ಡಿಸೆಂಬರಿನಲ್ಲಿ ನೇಪಾಳದ ತರಾಯಿಯಲ್ಲಿ ನಡೆಸಿದ ಹತ್ತು ದಿನಗಳ ಬೇಟೆಯಲ್ಲಿ ೩೯ ಹುಲಿಗಳೂ ೧೮ ಘೇಂಡಾಮೃಗಗಳೂ ಹತವಾದವು. ಕಾಯ್ದಿಟ್ಟದ್ದು ಕೊಲ್ಲುವುದಕ್ಕಾಗಿಯೇ ಆದಾಗ, ಎಷ್ಟು ಕೊಂದರೆ ಸಾಕು ಎಂಬ ಪ್ರಶ್ನೆಗೆ ಉತ್ತರ ಕೊಡುವವನು ಕೊಲ್ಲುವವನೇ ಆಗಿರುತ್ತಾನೆ. ಈ ವ್ಯವಸ್ಥೆಯ ಮೂಲದೋಷ ಇಲ್ಲಿಯೇ ಇದೆ.

೪. ಬೇಟೆಗಾರರಿಂದಲೇ ಮೂಡಿದ ಸಂದೇಹ

ಭಾರತದಲ್ಲಿ ಟ್ರೋಫಿ ಬೇಟೆಗೆ ಒಡ್ಡಿದ ವಿರೋಧವನ್ನು ಕೇವಲ ಅಹಿಂಸಾ ತತ್ತ್ವದ ಫಲವೆಂದು ವಿವರಿಸುವುದುಂಟು. ಅಹಿಂಸೆಯ ನೆಲೆ ಇದ್ದೇ ಇತ್ತು. ಆದರೆ ಆಧುನಿಕ ವಿರೋಧದ ಮೊದಲ ದನಿಗಳಲ್ಲಿ ಕೆಲವು ಕೋವಿ ಹಿಡಿದವರವೇ. ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ೧೯೨೦ರ ದಶಕದಲ್ಲಿ ಕಾಡುದಾರಿಗಳಲ್ಲಿ ತಂತಿ ಕಟ್ಟಿ, ಹುಲಿ ತಾನಾಗಿಯೇ ತನ್ನ ಚಿತ್ರವನ್ನು ತೆಗೆದುಕೊಳ್ಳುವಂತೆ ಮಾಡಿ, ೧೯೨೭ರಲ್ಲಿ ಆ ಚಿತ್ರಗಳ ಗ್ರಂಥವನ್ನು ಹೊರತಂದರು. ನರಭಕ್ಷಕಗಳ ಬೇಟೆಯಿಂದ ಹೆಸರಾದ ಜಿಮ್ ಕಾರ್ಬೆಟ್ ಕ್ರಮೇಣ ಕ್ಯಾಮೆರಾದ ಕಡೆಗೆ ಹೊರಳಿ, ೧೯೩೬ರಲ್ಲಿ ಸ್ಥಾಪಿತವಾದ ದೇಶದ ಮೊದಲ ರಾಷ್ಟ್ರೀಯ ಉದ್ಯಾನಕ್ಕಾಗಿ ದುಡಿದರು. ೧೯೫೭ರಿಂದ ಅದು ಅವರ ಹೆಸರನ್ನೇ ಹೊತ್ತಿದೆ. ಕಾರ್ಬೆಟ್ ಹಾಗೂ ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ಬರಹಗಳು ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಕ್ಕೆ ಬಂದು ಜನಪ್ರಿಯವಾಗಿವೆ.

ಸ್ವಾತಂತ್ರ್ಯಾನಂತರ ೧೯೫೨ರಲ್ಲಿ ರಚಿತವಾದ ಭಾರತೀಯ ವನ್ಯಜೀವಿ ಮಂಡಳಿಯ ಅಧ್ಯಕ್ಷರಾದವರು ಸ್ವತಃ ಬೇಟೆಯಲ್ಲಿ ಪಳಗಿದ್ದ ಜಯಚಾಮರಾಜ ಒಡೆಯರು. ಅದರ ಮೊದಲ ಅಧಿವೇಶನ ನಡೆದದ್ದು ಮೈಸೂರಿನಲ್ಲಿ. ಆದರೂ ಮುಂದಿನ ಎರಡು ದಶಕಗಳ ಕಾಲ ಟ್ರೋಫಿ ಬೇಟೆ ನಿಲ್ಲಲಿಲ್ಲ. ಕಾಡುಗಳನ್ನು ಬೇಟೆಯ ವಲಯಗಳಾಗಿ ಹಂಚಿ ಪರವಾನಗಿ ಕೊಡುವ ಪದ್ಧತಿ ಮುಂದುವರಿಯಿತು. ಶಿಕಾರಿ ಕಂಪನಿಗಳು ವಿದೇಶೀ ಗಿರಾಕಿಗಳಿಗೆ ಹುಲಿಯ ಭರವಸೆ ಕೊಟ್ಟು ಕರೆತರುತ್ತಿದ್ದವು. ಬೇಟೆಯನ್ನು ನಿಲ್ಲಿಸಿದರೆ ದೇಶಕ್ಕೆ ಬರುವ ವಿದೇಶೀ ವಿನಿಮಯ ತಪ್ಪಿಹೋಗುತ್ತದೆ ಎಂಬುದು ಅವುಗಳ ವಾದವಾಗಿತ್ತು. ಇಂದು ಆಫ್ರಿಕದ ಸಂದರ್ಭದಲ್ಲಿ ಕೇಳಿಬರುವ ಮಾತನ್ನು ಭಾರತವು ಅರ್ಧ ಶತಮಾನಕ್ಕೂ ಹಿಂದೆಯೇ ಕೇಳಿತ್ತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಆ ವಾದವನ್ನು ಕುಸಿಯುವಂತೆ ಮಾಡಿದ್ದು ಎಣಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೇಶದಲ್ಲಿ ೪೦,೦೦೦ ಹುಲಿಗಳಿದ್ದಿರಬಹುದೆಂಬ ಇ.ಪಿ. ಗೀ ಅವರ ಮಾತು ಊಹೆಯೇ ಹೊರತು ಗಣತಿಯಲ್ಲ. ಅಂಥ ಗಣತಿ ಯಾರೂ ಮಾಡಿರಲಿಲ್ಲ. ಕೈಲಾಶ್ ಸಾಂಖಲಾ ಅವರಂಥ ಅರಣ್ಯಾಧಿಕಾರಿಗಳು ದೆಹಲಿಯ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಚರ್ಮಗಳನ್ನು ಗಮನಿಸಿ ಎಚ್ಚರಿಕೆ ನೀಡಿದರು. ೧೯೬೯ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಮಹಾಧಿವೇಶನ ದೆಹಲಿಯಲ್ಲಿ ಸೇರಿದಾಗ ಹುಲಿಯ ಅಳಿವಿನ ಅಪಾಯ ಜಗತ್ತಿನ ಮುಂದೆ ಬಂತು. ೧೯೭೦ರಲ್ಲಿ ಹುಲಿಬೇಟೆಗೆ ದೇಶವ್ಯಾಪಿ ನಿಷೇಧ ಬಂತು. ೧೯೭೨ರ ಗಣತಿ ಹೆಜ್ಜೆಗುರುತುಗಳ ಆಧಾರದ ಮೇಲೆ ಕೊಟ್ಟ ಸಂಖ್ಯೆ ೧,೮೨೭. ಅದೇ ವರ್ಷ ವನ್ಯಜೀವಿ (ಸಂರಕ್ಷಣೆ) ಕಾಯಿದೆ, ಮರುವರ್ಷ ಏಪ್ರಿಲ್ ೧ರಂದು ಹುಲಿ ಯೋಜನೆ ಜಾರಿಗೆ ಬಂದವು.

೫. ಕಾನೂನು ಟ್ರೋಫಿಯನ್ನು ಕಂಡ ಬಗೆ

೧೯೭೨ರ ಕಾಯಿದೆಯು ಎಲ್ಲ ಬೇಟೆಯನ್ನೂ ಒಮ್ಮೆಗೇ ನಿಷೇಧಿಸಲಿಲ್ಲ. ಕೆಲವು ಪ್ರಾಣಿಗಳನ್ನು ಪರವಾನಗಿಯ ಮೇಲೆ ಬೇಟೆಯಾಡುವ ಅವಕಾಶ ಉಳಿದಿತ್ತು. ೧೯೯೧ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಮನುಷ್ಯರ ಜೀವಕ್ಕೆ ಅಪಾಯ ತಂದ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದಾದ ೧೧ನೆಯ ಕಲಮು ಹಾಗೆಯೇ ಉಳಿಯಿತು. ರಕ್ಷಣೆಗಾಗಿ ಕೊಲ್ಲುವುದನ್ನೂ ಕುರುಹಿಗಾಗಿ ಕೊಲ್ಲುವುದನ್ನೂ ಕಾನೂನು ಹೀಗೆ ಪ್ರತ್ಯೇಕಿಸಿತು. ಬೇಟೆಯಾದ ಪ್ರಾಣಿಯೂ ಅದರ ಟ್ರೋಫಿಯೂ ೩೯ನೆಯ ಕಲಮಿನ ಪ್ರಕಾರ ಸರ್ಕಾರದ ಸ್ವತ್ತು. ಹಳೆಯ ಟ್ರೋಫಿಗಳನ್ನು ಒಡೆತನದ ಪ್ರಮಾಣಪತ್ರದೊಡನೆ ಮಾತ್ರ ಇಟ್ಟುಕೊಳ್ಳಬಹುದು; ೨೦೦೩ರ ಬದಲಾವಣೆಗಳ ನಂತರ ಅವು ವಾರಸುದಾರಿಕೆಯಿಂದಲ್ಲದೆ ಬೇರೆಯವರ ಕೈಗೆ ಹೋಗುವಂತಿಲ್ಲ, ಮಾರುವಂತಿಲ್ಲ. ಘೋಷಿಸದೆ ಉಳಿದಿದ್ದವುಗಳಿಗೆ ಆಗ ೧೮೦ ದಿನಗಳ ಗಡುವು ನೀಡಲಾಗಿತ್ತು.

ಟ್ರೋಫಿಯ ಆಕರ್ಷಣೆ ಮಾತ್ರ ಕಾನೂನಿನೊಂದಿಗೆ ಮುಗಿಯಲಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಧರಿಸಿದ್ದಕ್ಕಾಗಿ ಬೆಂಗಳೂರಿನಲ್ಲಿ ಬಂಧನವೊಂದು ನಡೆದಾಗ, ಇಂಥ ವಸ್ತುಗಳು ಎಷ್ಟು ಮನೆಗಳಲ್ಲಿವೆ ಎಂಬ ಚರ್ಚೆ ನಾಡಿನಾದ್ಯಂತ ಎದ್ದಿತು. ೨೦೨೪ರ ಜನವರಿಯಲ್ಲಿ ರಾಜ್ಯ ಸರ್ಕಾರವು ಘೋಷಿಸದ ಚರ್ಮ, ಕೊಂಬು, ಉಗುರುಗಳನ್ನು ಹಿಂದಿರುಗಿಸಲು ಕಾಲಾವಕಾಶ ನೀಡಿತು. ಅಜ್ಜನ ಕಾಲದ ಕುರುಹು ಮೊಮ್ಮಗನ ಕಾಲಕ್ಕೆ ಅಪರಾಧದ ವಸ್ತುವಾದದ್ದರ ಹಿಂದಿರುವ ಇತಿಹಾಸವನ್ನು ತಿಳಿಯಹೇಳದೆ ಕಾನೂನನ್ನು ಮಾತ್ರ ಹೇಳಿದರೆ ಅದು ಜನರಿಗೆ ಮನವರಿಕೆಯಾಗುವುದು ಕಷ್ಟ.

೬. ಆಫ್ರಿಕದ ಚರ್ಚೆ ಮತ್ತು ವಿಜ್ಞಾನದ ಸಾಕ್ಷ್ಯ

ಭಾರತದಲ್ಲಿ ಮುಗಿದ ಚರ್ಚೆ ಹೊರಗೆ ಮುಗಿದಿಲ್ಲ. ಕೀನ್ಯ ೧೯೭೭ರಲ್ಲಿ ಬೇಟೆಯನ್ನು ನಿಷೇಧಿಸಿತು. ಬೋಟ್ಸ್ವಾನ ೨೦೧೪ರಲ್ಲಿ ನಿಲ್ಲಿಸಿ ೨೦೧೯ರಲ್ಲಿ ಮತ್ತೆ ಅನುಮತಿಸಿತು. ೨೦೧೫ರ ಜುಲೈ ತಿಂಗಳಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಹೊರಗೆ, ಆಕ್ಸ್‌ಫರ್ಡ್ ಸಂಶೋಧಕರು ಕೊರಳಪಟ್ಟಿ ತೊಡಿಸಿ ಅಧ್ಯಯನ ಮಾಡುತ್ತಿದ್ದ 'ಸೆಸಿಲ್' ಎಂಬ ಸಿಂಹವು ಅಮೆರಿಕದ ಬೇಟೆಗಾರನೊಬ್ಬನ ಬಾಣಕ್ಕೆ ತುತ್ತಾದಾಗ ಜಗತ್ತಿನೆಲ್ಲೆಡೆ ಪ್ರತಿಭಟನೆ ಎದ್ದಿತು. ಆಸ್ಟ್ರೇಲಿಯ ಮತ್ತು ಫ್ರಾನ್ಸ್ ಅದೇ ವರ್ಷ ಸಿಂಹದ ಟ್ರೋಫಿಗಳ ಆಮದನ್ನು ತಡೆದವು. ಇವುಗಳಲ್ಲಿ ಆಸ್ಟ್ರೇಲಿಯದ ಕ್ರಮ ಸೆಸಿಲ್‌ನ ಸಾವಿಗಿಂತ ಮುಂಚಿನದು.

ವಿರೋಧಕ್ಕೆ ಭಾವನೆಯಷ್ಟೇ ಆಧಾರವಲ್ಲ. ಟ್ರೋಫಿ ಬೇಟೆಯು ನಿಸರ್ಗದ ಆಯ್ಕೆಯನ್ನು ತಿರುವುಮುರುವು ಮಾಡುತ್ತದೆ. ಕಾಡುನಾಯಿಯೋ ಹುಲಿಯೋ ಹಿಂಡಿನಲ್ಲಿ ಸಾಮಾನ್ಯವಾಗಿ ಮರಿ, ಮುದಿ, ರೋಗಿಯನ್ನು ಹಿಡಿದರೆ, ಟ್ರೋಫಿ ಬೇಟೆಗಾರ ಅತಿ ದೊಡ್ಡ ಕೊಂಬಿನ ಗಂಡನ್ನೇ ಆರಿಸುತ್ತಾನೆ. ಕೆನಡದ ಆಲ್ಬರ್ಟಾ ಪ್ರಾಂತದ ರಾಮ್ ಮೌಂಟನ್ ಎಂಬಲ್ಲಿ ಬಿಗ್‌ಹಾರ್ನ್ ಕಾಡುಕುರಿಗಳನ್ನು ಮೂವತ್ತು ವರ್ಷ ಅಧ್ಯಯನ ಮಾಡಿ ೨೦೦೩ರಲ್ಲಿ ಪ್ರಕಟಿಸಿದ ವರದಿ, ಇಂಥ ಆಯ್ಕೆಯಿಂದ ಟಗರುಗಳ ಕೊಂಬಿನ ಗಾತ್ರವೂ ಮೈತೂಕವೂ ತಲೆಮಾರಿನಿಂದ ತಲೆಮಾರಿಗೆ ಕುಗ್ಗಿದುದನ್ನು ತೋರಿಸಿತು. ಬೇಟೆಗಾರ ಬಯಸಿದ ಗುಣವೇ ಬೇಟೆಯಿಂದ ನಶಿಸಿತು. ಸಿಂಹಗಳಲ್ಲಿ ಪರಿಣಾಮ ಇನ್ನೂ ಬೇಗ ಕಾಣುತ್ತದೆ. ಗುಂಪಿನ ಯಜಮಾನ ಗಂಡು ಸತ್ತಾಗ ಹೊಸದಾಗಿ ಬರುವ ಗಂಡು ಹಿಂದಿನದರ ಮರಿಗಳನ್ನು ಕೊಲ್ಲುವುದುಂಟು. ಆದ್ದರಿಂದ ಪರವಾನಗಿಯ ಪತ್ರದಲ್ಲಿ ಒಂದೆಂದು ಬರೆದ ಸಾವು ಕಾಡಿನಲ್ಲಿ ಒಂದಾಗಿರುವುದಿಲ್ಲ. ಟಾಂಜಾನಿಯದ ಬೇಟೆಯ ವಲಯಗಳಲ್ಲಿ ಸಿಂಹಗಳ ಇಳಿಕೆಗೆ ಅತಿಯಾದ ಟ್ರೋಫಿ ಬೇಟೆಯೇ ಮುಖ್ಯ ಕಾರಣವೆಂದು ಕ್ರೇಗ್ ಪ್ಯಾಕರ್ ಮತ್ತು ಸಂಗಡಿಗರ ಅಧ್ಯಯನಗಳು ಕಂಡುಕೊಂಡವು.

೭. ಎದುರುವಾದದ ಬಲ ಮತ್ತು ಮಿತಿ

ಎದುರುವಾದವನ್ನು ಅದರ ಬಲವಾದ ರೂಪದಲ್ಲಿಯೇ ಎದುರಿಸಬೇಕು. ಪಾಕಿಸ್ತಾನದ ಉತ್ತರದ ಬೆಟ್ಟಗಳಲ್ಲಿ ಮಾರ್ಖೋರ್ ಎಂಬ ಸುರುಳಿಕೊಂಬಿನ ಕಾಡುಮೇಕೆಯ ಬೇಟೆಗೆ ವರ್ಷಕ್ಕೆ ಕೆಲವೇ ಪರವಾನಗಿಗಳನ್ನು ಭಾರೀ ಬೆಲೆಗೆ ಕೊಟ್ಟು, ಹಣದ ಶೇಕಡ ೮೦ ಭಾಗವನ್ನು ಸ್ಥಳೀಯ ಜನಸಮುದಾಯಕ್ಕೆ ಹಂಚಲಾಗುತ್ತದೆ. ಪ್ರಾಣಿಯ ಸಂಖ್ಯೆ ಹೆಚ್ಚಿತು. ೨೦೧೫ರಲ್ಲಿ ಅದನ್ನು ಅಳಿವಿನಂಚಿನ ವರ್ಗದಿಂದ ಕಡಿಮೆ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ನಮೀಬಿಯದಲ್ಲಿ ೧೯೯೬ರ ಕಾನೂನು ಹಳ್ಳಿಗರ ಸಂರಕ್ಷಣಾ ಸಂಘಗಳಿಗೆ ವನ್ಯಜೀವಿಯ ಮೇಲೆ ಹಕ್ಕು ನೀಡಿತು. ಬೇಟೆಯ ಹಣ ಆ ಸಂಘಗಳ ಆದಾಯದಲ್ಲಿ ಸೇರಿದೆ. ೨೦೨೨ರ ಸೆಪ್ಟೆಂಬರಿನಲ್ಲಿ ಭಾರತದ ಕೂನೋ ಕಾಡಿಗೆ ತಂದ ಮೊದಲ ಎಂಟು ಚೀತಾಗಳು ನಮೀಬಿಯದವೇ ಎಂಬುದು ಮರೆಯಬಾರದ ಸಂಗತಿ.

ಈ ಉದಾಹರಣೆಗಳನ್ನು ಬಿಡಿಸಿ ನೋಡಿದರೆ ಅವು ಮೂರು ಷರತ್ತುಗಳ ಮೇಲೆ ನಿಂತಿರುವುದು ತಿಳಿಯುತ್ತದೆ: ಬೇಟೆಯಿಂದ ಲಾಭ ಪಡೆಯದವರು ಮಾಡುವ ಎಣಿಕೆ, ಮುದಿ ಗಂಡುಗಳಿಗೆ ಮಾತ್ರ ಸೀಮಿತವಾದ ಆಯ್ಕೆ, ನೆಲದ ಜನರಿಗೆ ನಿಜವಾಗಿ ತಲುಪುವ ಪಾಲು. ಭಾರತದ ಶಿಕಾರಿ ಯುಗದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಮೂರೂ ಕೂಡಿದ ಸ್ಥಳಗಳು ಇಂದಿಗೂ ವಿರಳ. ಅಷ್ಟೇ ಅಲ್ಲ, ಅಲ್ಲಿ ಫಲಕೊಟ್ಟದ್ದು ಗುಂಡಲ್ಲ, ಹಕ್ಕು. ಪ್ರಾಣಿ ಉಳಿದರೆ ತಮಗೆ ಲಾಭವೆಂಬ ಖಾತ್ರಿ ಜನರಿಗೆ ಸಿಕ್ಕಾಗ ಅವರು ಅದನ್ನು ಉಳಿಸಿದರು. ಆ ಖಾತ್ರಿಯನ್ನು ಕೊಲ್ಲದೆಯೇ ಕೊಡಬಹುದೆ ಎಂಬುದು ಟ್ರೋಫಿ ಬೇಟೆಯನ್ನು ವಿರೋಧಿಸುವವರು ಉತ್ತರಿಸಬೇಕಾದ ಪ್ರಶ್ನೆ.

೮. ವಿರೋಧದ ಹೊಣೆ

ನಿಷೇಧ ತಾನಾಗಿಯೇ ಪ್ರಾಣಿಯನ್ನು ಉಳಿಸುವುದಿಲ್ಲ. ಕಾನೂನಿನ ಎಲ್ಲ ರಕ್ಷಣೆಯಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ೨೦೦೪-೦೫ರ ವೇಳೆಗೆ ಕಳ್ಳಬೇಟೆಯಿಂದ ಒಂದು ಹುಲಿಯೂ ಉಳಿಯಲಿಲ್ಲ. ಅಲ್ಲಿಯೂ ಎಣಿಕೆಯ ಲೋಪವೇ ಮುಖ್ಯವಾಗಿತ್ತು. ಇದಕ್ಕೆ ಪರಿಹಾರವಾಗಿ ಒದಗಿದ ವಿಧಾನದಲ್ಲಿ ಕನ್ನಡ ನಾಡಿನ ಕೊಡುಗೆಯಿದೆ. ಡಾ. ಉಲ್ಲಾಸ ಕಾರಂತರು ೧೯೯೦ರ ದಶಕದ ಆರಂಭದಿಂದ ನಾಗರಹೊಳೆಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ಇಟ್ಟು, ಪಟ್ಟೆಗಳ ವಿನ್ಯಾಸದಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಸಂಖ್ಯಾಶಾಸ್ತ್ರದ ನೆರವಿನಿಂದ ಸಾಂದ್ರತೆಯನ್ನು ಅಂದಾಜು ಮಾಡುವ ಕ್ರಮವನ್ನು ಬಳಕೆಗೆ ತಂದರು. ಚಾಂಪಿಯನ್ನರು ಕಟ್ಟಿದ ತಂತಿಯ ಮುಂದುವರಿಕೆಯಂತಿದೆ ಇದು. ೨೦೨೨ರ ಅಂದಾಜಿನಲ್ಲಿ ದೇಶದ ಹುಲಿಗಳ ಸರಾಸರಿ ಸಂಖ್ಯೆ ೩,೬೮೨, ಕರ್ನಾಟಕದಲ್ಲಿ ೫೬೩.

ಈ ಗೆಲುವಿನ ಬೆಲೆಯನ್ನು ಎಲ್ಲರೂ ಸಮನಾಗಿ ತೆತ್ತಿಲ್ಲ. ಶಿಕಾರಿಯ ಕಾಲದಲ್ಲಿ ಜಾಡು ಹಿಡಿದು, ಕಾಡು ಸೋವಿ, ಅಟ್ಟಣೆ ಕಟ್ಟಿ, ಗಾಯಗೊಂಡ ಹುಲಿಯ ಎದುರು ಮೊದಲು ನಿಂತವರು ಕಾಡಿನ ಜನ. ಟ್ರೋಫಿಯ ಫಲಕದ ಮೇಲೆ ಅವರ ಹೆಸರಿಲ್ಲ. ಸಂರಕ್ಷಣೆಯ ಕಾಲ ಬಂದಾಗ ಕಾಡು ಬಿಟ್ಟು ಹೊರಡಬೇಕಾದವರಲ್ಲಿಯೂ ಜೇನುಕುರುಬರಂಥ ಸಮುದಾಯಗಳಿದ್ದವು. ಇಂದಿಗೂ ಕಾಡಂಚಿನ ರೈತನ ದನವನ್ನು ಹುಲಿ ಹಿಡಿಯುತ್ತದೆ, ಬೆಳೆಯನ್ನು ಆನೆ ತುಳಿಯುತ್ತದೆ. ಅದನ್ನು ನೋಡಲು ಬರುವ ಪ್ರವಾಸಿಯ ಹಣ ಬಹುಪಾಲು ಬೇರೆಯವರ ಕೈ ಸೇರುತ್ತದೆ. ೨೦೧೧ರಲ್ಲಿ ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ ಹುಲಿ ರಕ್ಷಿತಾರಣ್ಯದೊಳಗೇ ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತದ್ದು ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ. ಕೊಲ್ಲದೆಯೂ ಹಕ್ಕು ಕೊಡಬಹುದು ಎಂಬುದಕ್ಕೆ ಅದೊಂದು ನಿದರ್ಶನ.

ಈ ವಿವೇಚನೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ಟ್ರೋಫಿ ಬೇಟೆಯನ್ನು ವಿರೋಧಿಸಲು ನೀತಿಯ ನೆಲೆ ಸಾಕು. ಜೀವವೊಂದು ಅಲಂಕಾರದ ವಸ್ತುವಾಗಬಾರದೆಂಬ ಭಾವನೆಗೆ ಬೇರೆ ಪುರಾವೆ ಬೇಕಿಲ್ಲ. ಆದರೆ ಭಾರತದ ಅನುಭವ ಅದಕ್ಕೆ ಸಾಕ್ಷ್ಯದ ನೆಲೆಯನ್ನೂ ಒದಗಿಸಿದೆ. ಕೊಲ್ಲುವವನೇ ಕಾಯುವವನೂ ಎಣಿಸುವವನೂ ಆದ ವ್ಯವಸ್ಥೆ ಇಲ್ಲಿ ಚೀತಾವನ್ನು ಕಳೆದುಕೊಂಡಿತು, ಹುಲಿಯನ್ನು ಅಂಚಿಗೆ ತಂದಿತು. ಆ ವ್ಯವಸ್ಥೆಯನ್ನು ಬೇಡವೆಂದವರ ಮೇಲೆ ಎರಡು ಹೊಣೆಗಳಿವೆ: ಪ್ರಾಣಿಗಳನ್ನು ಪ್ರಾಮಾಣಿಕವಾಗಿ ಎಣಿಸುವುದು, ಅವುಗಳೊಡನೆ ಬದುಕುವವರ ನಷ್ಟವನ್ನು ಅಷ್ಟೇ ಪ್ರಾಮಾಣಿಕವಾಗಿ ತುಂಬುವುದು. ಇನ್ನು ಅರಮನೆ, ಬಂಗಲೆ, ವಸ್ತುಸಂಗ್ರಹಾಲಯಗಳಲ್ಲಿ ಧೂಳು ಹಿಡಿಯುತ್ತಿರುವ ತಲೆಗಳ ವಿಷಯ. ಅವುಗಳ ಫಲಕಗಳ ಮೇಲೆ ಬರೆದಿರುವ ಊರು, ದಿನಾಂಕ, ಅಳತೆಗಳನ್ನು ವಿದ್ವಾಂಸರು ಸಂಗ್ರಹಿಸಿ ದಾಖಲಿಸುವುದು ಅಗತ್ಯ. ಯಾವ ಕಾಡಿನಲ್ಲಿ ಯಾವ ವರ್ಷದವರೆಗೆ ಯಾವ ಪ್ರಾಣಿಯಿತ್ತು ಎಂಬುದಕ್ಕೆ ಹಲವೆಡೆ ಉಳಿದಿರುವ ಲಿಖಿತ ಆಧಾರ ಅಷ್ಟೇ ಆಗಿರಬಹುದು.